ಒಲೆಗೆ ಹೋದ ಚಿಂದಿ, ವರದಿಗೆ ಹೋದ ಹೆಸರು

2023ರ ಜನವರಿಯಲ್ಲಿ ನಾನು ಬೆಂಗಳೂರಿನ ಒಂದು ಸಣ್ಣ ಪರಿಶೀಲನಾ ಸಂಸ್ಥೆಯಲ್ಲಿ ಹಿರಿಯ ಎನರ್ಜಿ ಆಡಿಟರ್ ಆಗಿದ್ದೆ. ಅದಕ್ಕೂ ಮೊದಲು ಹತ್ತೊಂಬತ್ತು ವರ್ಷ ಒಂದು ಸಕ್ಕರೆ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ಬೆಂದವಳು. ಹೆಂಗಸು ಬಾಯ್ಲರ್ ಹತ್ತಿರ ಬಂದರೆ ಪ್ರೆಷರ್ ಇಳಿಯುತ್ತೆ ಎಂದು ಗೊಣಗುವವರ ನಡುವೆಯೇ ಕೆಲಸ ಕಲಿತೆ. ಚಿಮಣಿಯ ಹೊಗೆ ನೋಡಿ ಒಳಗೆ ಏನು ಉರಿಯುತ್ತಿದೆ ಎಂದು ಹೇಳುವುದು, ಬೂದಿ ಕೆದಕಿ ನಿನ್ನೆ ಏನು ಉರಿಸಿದ್ದರು ಎಂದು ಹೇಳುವುದು, ಇವೆರಡೇ ನನಗೆ ನಿಜವಾಗಿ ಗೊತ್ತಿರುವ ವಿದ್ಯೆ. ಉಳಿದದ್ದೆಲ್ಲ ಆಮೇಲೆ ಸರ್ಟಿಫಿಕೇಟಿಗಾಗಿ ಓದಿದ್ದು.

ಆ ತಿಂಗಳು ನಮಗೆ ಬಂದ ಕೆಲಸ ಒಂದು ದೊಡ್ಡ ಬಟ್ಟೆ ಅಂಗಡಿ ಕಂಪನಿಯದು. ಊರೂರಲ್ಲಿ ಮಳಿಗೆಗಳಿರುವ ಕಂಪನಿ. ರೆಡಿಮೇಡ್ ಬಟ್ಟೆ, ರೇಷ್ಮೆ ಸೀರೆ, ಜೊತೆಗೆ ಮಕ್ಕಳ ವಿಭಾಗದಲ್ಲಿ ಚನ್ನಪಟ್ಟಣದ ಬೊಂಬೆಗಳನ್ನೂ ಮಾರುತ್ತಿದ್ದರು. ಹೆಸರು ಹೇಳುವುದಿಲ್ಲ, ಕೇಳಬೇಡಿ. ಇಂಥ ಕಂಪನಿಗಳು ವರ್ಷಕ್ಕೊಮ್ಮೆ ತಾವು ಎಷ್ಟು ಇಂಗಾಲ ಹೊರಬಿಟ್ಟೆವು, ಎಷ್ಟು ನೀರು ಬಳಸಿದೆವು, ಎಷ್ಟು ಕಸ ಮಾಡಿದೆವು ಎಂದು ವರದಿ ಒಪ್ಪಿಸುತ್ತವೆ. ಅವರು ಬರೆದುಕೊಂಡದ್ದು ನಿಜವೋ ಸುಳ್ಳೋ ಎಂದು ಹೊರಗಿನವರೊಬ್ಬರು ಹೋಗಿ ನೋಡಿ ಸಹಿ ಹಾಕಬೇಕು. ಆ ಹೊರಗಿನವಳು ನಾನು.

ಇಂಗಾಲದ ಲೆಕ್ಕವನ್ನು ಮೂರು ಪಾಲು ಮಾಡುತ್ತಾರೆ. ಸ್ಕೋಪ್ ಒಂದು ಎಂದರೆ ನಮ್ಮ ಮನೆಯ ಒಲೆಯ ಹೊಗೆ. ಸ್ಕೋಪ್ ಎರಡು, ನಾವು ಕೊಂಡ ಕರೆಂಟಿಗಾಗಿ ಇನ್ನೆಲ್ಲೋ ಎದ್ದ ಹೊಗೆ. ಸ್ಕೋಪ್ ಮೂರು, ನಮಗೆ ಬೇಕಾದದ್ದನ್ನು ಮಾಡಿಕೊಡಲು ಬೇರೆಯವರು ತಮ್ಮ ಮನೆಯಲ್ಲಿ ಉರಿಸಿದ ಒಲೆ. ಅಂಗಡಿ ಕಂಪನಿಗಳಿಗೆ ಮೊದಲೆರಡು ಬಹಳ ಚಿಕ್ಕವು. ಏಸಿ, ದೀಪ, ಜನರೇಟರ್ ಡೀಸೆಲ್, ಅಷ್ಟೇ. ಮೂರನೆಯದೇ ದೊಡ್ಡದು, ಮತ್ತು ಅದನ್ನು ನೋಡಲು ಯಾರೂ ಹೋಗುವುದಿಲ್ಲ. ಪ್ರಶ್ನಾವಳಿ ಕಳಿಸುತ್ತಾರೆ, ಉತ್ತರ ತರಿಸಿಕೊಳ್ಳುತ್ತಾರೆ, ಎಕ್ಸೆಲ್‌ನಲ್ಲಿ ಕೂಡಿಸುತ್ತಾರೆ.

ಕಂಪನಿಯ ಸುಸ್ಥಿರತಾ ವಿಭಾಗದ ಮುಖ್ಯಸ್ಥೆ ಅನುರಾಧಾ ನನಗೆ ಆ ಎಕ್ಸೆಲ್ ತೋರಿಸಿದರು. ವಯಸ್ಸು ನಲವತ್ತರೊಳಗೆ, ಚುರುಕು, ಮಾತು ಬಲು ಮೃದು. ಎರಡು ಸಾಲುಗಳು ನನ್ನ ಕಣ್ಣಿಗೆ ಬಿದ್ದವು. ಒಂದು, ರಾಮನಗರದ ರೇಷ್ಮೆ ನೂಲು ತೆಗೆಯುವ ಘಟಕಗಳೆಲ್ಲ ಸೌದೆ, ಹೊಟ್ಟು ಮಾತ್ರ ಉರಿಸುತ್ತವೆ ಎಂದಿತ್ತು. ಮರದ ಇಂಗಾಲ ಮರಕ್ಕೇ ವಾಪಸು ಹೋಗುತ್ತದೆ ಎಂಬ ನಿಯಮದಂತೆ ಅದರ ಲೆಕ್ಕ ಹೆಚ್ಚುಕಡಿಮೆ ಸೊನ್ನೆ. ಎರಡು, ಕನಕಪುರ ರಸ್ತೆಯಲ್ಲಿರುವ ಕಂಪನಿಯ ಸ್ವಂತ ಹೊಲಿಗೆ ಘಟಕದಲ್ಲಿ ಉಳಿಯುವ ಬಟ್ಟೆ ಚೂರುಗಳೆಲ್ಲ ನೂರಕ್ಕೆ ನೂರು ಮರುಬಳಕೆಯಾಗುತ್ತವೆ ಎಂದಿತ್ತು.

"ನೂರಕ್ಕೆ ನೂರಾ?" ಎಂದೆ.

"ಹೌದು ಮೇಡಂ. ಚೂರು ಒಯ್ಯೋ ಕಂಟ್ರಾಕ್ಟರ್ ಪ್ರತಿ ತಿಂಗಳೂ ಮರುಬಳಕೆದಾರರ ಸಹಿ ಇರುವ ರಸೀದಿ ಕೊಡ್ತಾರೆ," ಎಂದರು ಅನುರಾಧಾ.

ನನಗೆ ನೂರಕ್ಕೆ ನೂರು ಎಂಬ ಮಾತು ಕೇಳಿದರೆ ಮೈ ಪರಚಿಕೊಳ್ಳುವಂತಾಗುತ್ತದೆ. ಅಡುಗೆಮನೆಯಲ್ಲೇ ನೂರಕ್ಕೆ ನೂರು ಯಾವುದೂ ಆಗುವುದಿಲ್ಲ, ಇನ್ನು ಗಾರ್ಮೆಂಟ್ಸ್‌ನಲ್ಲಿ ಆಗುತ್ತದೆಯೇ! ಹೋಗಿ ನೋಡಬೇಕು ಎಂದೆ. ಎಲ್ಲ ಕಡೆಗೂ ಹೋಗಲಾಗುವುದಿಲ್ಲ, ಕೆಲವನ್ನು ಆರಿಸಿ ನೋಡುವುದು ನಮ್ಮ ಕ್ರಮ. ಪಟ್ಟಿಯಿಂದ ಐದು ಜಾಗ ಆರಿಸಿದೆ.

ಮೊದಲ ಎರಡು ದಿನ ಸುಗಮವಾಗಿ ಕಳೆದವು. ಮಾಗಡಿಯ ಗೋದಾಮಿನಲ್ಲಿ ಡೀಸೆಲ್ ಪುಸ್ತಕ ಸರಿಯಾಗಿತ್ತು. ಚನ್ನಪಟ್ಟಣದಲ್ಲಿ ಒಬ್ಬ ಬೊಂಬೆ ಕೆಲಸದವರ ಮನೆಗೆ ಹೋದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸುತ್ತ, "ನಮ್ದೇನಿದ್ರೂ ಕರೆಂಟ್ ಬಿಲ್ ಒಂದೇ ಮೇಡಂ, ಹೊಗೆ ಬೇಕಾದ್ರೆ ನನ್ ಬೀಡೀದು ಬರ್ಕಳಿ," ಎಂದು ನಗಿಸಿದರು. ಮಳಿಗೆ, ಹೊಲಿಗೆ ಘಟಕ ಎರಡನ್ನೂ ಬೆಂಗಳೂರಿಗೆ ಹಿಂದಿರುಗುವಾಗ ನೋಡಿಕೊಳ್ಳೋಣ ಎಂದು, ಮೂರನೆಯ ದಿನ ಬೆಳಿಗ್ಗೆ ರಾಮನಗರಕ್ಕೆ ಬಂದೆ. ಪಟ್ಟಿಯಲ್ಲಿದ್ದದ್ದು ನವಾಜ್ ಪಾಷ ಎಂಬುವರ ಘಟಕ.

ಬೀದಿಯ ತಿರುವಿನಲ್ಲೇ ಹೊಗೆ ಕಂಡಿತು. ಸೌದೆಯ ಹೊಗೆ ಬೂದುಬಣ್ಣ, ಹಸಿ ಸೌದೆಯದು ಬಿಳಿ. ಇದು ಕರೀ ಹೊಗೆ, ಗಂಟಲಿಗೆ ಹಿಡಿಯುವ ವಾಸನೆ. ಉರಿಯುತ್ತಿರುವುದು ಬರೀ ಸೌದೆಯಲ್ಲ ಎಂದು ಕಾರಿನಿಂದ ಇಳಿಯುವ ಮೊದಲೇ ನನಗೆ ಗೊತ್ತಾಗಿತ್ತು.

ಪಾಷ ಅವರಿಗೆ ಆಗ ಐವತ್ತೈದರ ಆಸುಪಾಸು. ತಂದೆಯ ಕಾಲದ ಘಟಕ. ಹನ್ನೆರಡು ಬಿಸಿನೀರಿನ ಬೇಸಿನ್, ಒಂಬತ್ತು ಜನ ಹೆಂಗಸರು. ರೇಷ್ಮೆಗೂಡನ್ನು ಕುದಿಯುವ ನೀರಲ್ಲಿ ಬೇಯಿಸಿ, ಎಳೆ ಹುಡುಕಿ, ರಾಟೆಗೆ ಸುತ್ತುವ ಕೆಲಸ. ಕಂಪನಿ ಕಡೆಯಿಂದ ಪರೀಕ್ಷೆಗೆ ಬರುತ್ತಾರೆ ಎಂದು ಯಾರೋ ಫೋನ್ ಮಾಡಿದ್ದರಿಂದ ಇಸ್ತ್ರಿ ಅಂಗಿ ಹಾಕಿ ಬಾಗಿಲಲ್ಲೇ ನಿಂತಿದ್ದರು.

"ಬನ್ನಿ ಮೇಡಂ, ಒಳೀಕ್ ಬನ್ನಿ. ನೆಲ ಜಾರ್ತೈತೆ, ನೋಡ್ಕಂಡು. ಚಾ ತರುಸ್ಲಾ?"

"ಚಾ ಆಮೇಲೆ ಕುಡಿಯಾನ ಪಾಷಣ್ಣ. ಮೊದ್ಲು ಒಲೆ ತೋರ್ಸಿ," ಎಂದೆ.

ಅವರು ನನ್ನ ಮುಖ ನೋಡಿದರು. "ಮೇಡಂ ಯಾವ್ ಕಡೆಯೋರು?"

"ಇಲ್ಲೇ, ಕೋಡಿಹಳ್ಳಿ ಕಡೆ. ನಮ್ಮವ್ವ ಕುರಿ ಮೇಯಿಸ್ಕೊಂಡು ನನ್ನ ಓದ್ಸಿದ್ದು."

ಅಷ್ಟು ಸಾಕಾಯಿತು. ಬೆಂಗಳೂರಿನ ಆಫೀಸರಮ್ಮ ಬಂದಿದ್ದಾಳೆ ಎಂದು ಮೈ ಬಿಗಿಹಿಡಿದಿದ್ದ ಮನುಷ್ಯ ಹಗುರಾಗಿಬಿಟ್ಟರು. "ಹಂಗಾದ್ರೆ ನಮ್ಮೋರೇ ಬುಡಿ!" ಎಂದು ಒಳಗೆ ಕರೆದುಕೊಂಡು ಹೋದರು. ಆ ನಗುವನ್ನು ಈಗ ನೆನೆಸಿಕೊಂಡರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಒಲೆಯ ಪಕ್ಕದಲ್ಲಿ ಒಂದಾಳೆತ್ತರಕ್ಕೆ ಚೀಲಗಳನ್ನು ಪೇರಿಸಿದ್ದರು. ಒಂದರ ಬಾಯಿಗೆ ಹೊಲಿದಿದ್ದ ದಾರ ಬಿಚ್ಚಿದೆ. ಬಟ್ಟೆ ಚೂರು. ನೀಲಿ, ಕೆಂಪು, ಹೂವಿನ ಅಚ್ಚು, ಮುಕ್ಕಾಲುಪಾಲು ಪಾಲಿಯೆಸ್ಟರ್. ಒಲೆಯ ಬಾಯಿಯಲ್ಲಿ ಬೂದಿ ಕೆದಕಿದರೆ ಕಪ್ಪು ಗಾಜಿನಂಥ ಗಟ್ಟಿ ಹೆಂಟೆಗಳು ಬಂದವು. ಚಿಂದಿಯ ಮಧ್ಯೆ ಕೈಯಾಡಿಸಿದಾಗ ನೇಯ್ದ ಲೇಬಲ್ಲುಗಳ ಒಂದು ಸುರುಳಿ ಸಿಕ್ಕಿತು. ಅಂಗಿಯ ಕತ್ತಿನ ಹಿಂಭಾಗಕ್ಕೆ ಹೊಲಿಯುತ್ತಾರಲ್ಲ, ಅದು. ಅದರ ಮೇಲೆ ನಮ್ಮ ಕ್ಲೈಂಟಿನ ಹೆಸರೇ ಇತ್ತು.

ಮರುಬಳಕೆಯಾಗುತ್ತಿದೆ ಎಂದು ಕಂಪನಿ ಬರೆದುಕೊಂಡಿದ್ದ ಚಿಂದಿ, ಕಂಪನಿಗೇ ರೇಷ್ಮೆ ಕೊಡುವ ಮನೆಯ ಒಲೆಯಲ್ಲಿ ಉರಿಯುತ್ತಿತ್ತು. ಕಸದ ಲೆಕ್ಕ ನೋಡುವವರಿಗೆ ನೂಲಿನ ಲೆಕ್ಕ ಗೊತ್ತಿರಲಿಲ್ಲ, ನೂಲು ಕೊಳ್ಳುವವರಿಗೆ ಕಸದ ಲೆಕ್ಕ ಗೊತ್ತಿರಲಿಲ್ಲ.

"ಇದನ್ನ ಯಾಕೆ ಉರುಸ್ತೀರಿ ಪಾಷಣ್ಣ?"

"ಇನ್ನೇನ್ ಮಾಡಾನ ಹೇಳಿ ಮೇಡಂ? ಮಾರ್ಕೆಟ್ನಾಗೆ ಗೂಡು ತಂದ್ಮೇಲೆ ಕಾಯಂಗಿಲ್ಲ. ತಡ ಆದ್ರೆ ಚಿಟ್ಟೆ ತೂತು ಕೊರ್ಕೊಂಡು ಆಚೆ ಬತ್ತದೆ, ಲಾಟ್ ಪೂರಾ ಹಾಳು. ಬೆಳಿಗ್ಗೆ ಐದಕ್ಕೆ ಒಲೆ ಹತ್ತುದ್ರೆ ನೀರು ಕುದೀತಾನೇ ಇರ್ಬೇಕು. ಒಸಿ ತಣ್ಣಗಾದ್ರೂ ಎಳೆ ಕಿತ್ತೋಯ್ತದೆ. ಸೌದೆ ಹಸಿ ಇದ್ರೆ ಇದನ್ನ ಒಂದು ಹಿಡಿ ಹಾಕುದ್ರೆ ಸಾಕು, ಭಗ್ಗಂತ ಹತ್ಕೊತದೆ."

ಅದು ನಿಜ. ನೂಲು ತೆಗೆಯುವ ಕೆಲಸದಲ್ಲಿ ಒಲೆಯೇ ಯಜಮಾನ. ಆಮೇಲೆ ಅವರು ಹೇಳಿದ ಮಾತು ಕೇಳಿ ನಾನು ಪೆನ್ನು ಕೆಳಗಿಟ್ಟೆ.

"ಮತ್ತೆ, ಇದು ಕಂಪನಿಯೋರೇ ಕಳ್ಸೋದಲ್ವಾ? ಕಂಟ್ರಾಕ್ಟರ್ ಹೇಳಿದ್ರು, 'ಕಂಪನಿಯೋರಿಗೆ ಕಸ ಎಸೆಯಂಗಿಲ್ಲ, ಯಾರಾದ್ರೂ ಉಪಯೋಗ ಮಾಡ್ಕೊಂಡ್ರೆ ಅವ್ರಿಗೆ ಒಳ್ಳೇ ಹೆಸ್ರು' ಅಂತ. ನಾನು ಪ್ರತಿ ತಿಂಗ್ಳೂ ಸೈನ್ ಹಾಕ್ತೀನಲ್ಲ. ನೀವು ಅದ್ನೇ ನೋಡಕ್ ಬಂದಿರೋದು ಅನ್ಕಂಡೆ!"

ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಕಾಗದಗಳನ್ನು ಹೆಮ್ಮೆಯಿಂದ ತಂದುಕೊಟ್ಟರು. ಹದಿನೇಳು ತಿಂಗಳ ಪ್ರತಿಗಳು. ಇಂಗ್ಲಿಷಿನಲ್ಲಿ ಅಚ್ಚಾದ ರಸೀದಿ. ಇಷ್ಟು ಕಿಲೋ ಬಟ್ಟೆ ತ್ಯಾಜ್ಯವನ್ನು ಮರುಬಳಕೆಗಾಗಿ ಸ್ವೀಕರಿಸಿ ಸಂಸ್ಕರಿಸಿದ್ದೇವೆ ಎಂದು ಅದರ ಅರ್ಥ. ಕೆಳಗೆ ಘಟಕದ ರಬ್ಬರ್ ಸ್ಟಾಂಪು, ಉರ್ದುವಿನಲ್ಲಿ ಪಾಷ ಅವರ ಸಹಿ. ಚೀಲ ಇಳಿಸಿಕೊಂಡದ್ದಕ್ಕೆ ಚೀಟಿ ಎಂದುಕೊಂಡು ಅವರು ಸಹಿ ಹಾಕುತ್ತ ಬಂದಿದ್ದರು. ಕಾಗದದ ಪ್ರಕಾರ ಪಾಷ ಒಬ್ಬ ಮರುಬಳಕೆ ಉದ್ಯಮಿ. ಮಾರುಕಟ್ಟೆಯ ಪದ್ಧತಿಯೇ ಹಾಗೆ, ಗೂಡಿಗಾಗಲಿ ನೂಲಿಗಾಗಲಿ ಮಾಲು ಕೈಸೇರಿದರೆ ಮುಗಿಯಿತು, ತೋರಿಸಿದ ಜಾಗಕ್ಕೆ ಸಹಿ. ಓದುತ್ತ ಕುಳಿತವನನ್ನು ಅನುಮಾನದ ಪ್ರಾಣಿ ಎನ್ನುತ್ತಾರೆ.

ನಾನು ಎಲ್ಲವನ್ನೂ ಫೋಟೋ ತೆಗೆದುಕೊಂಡೆ. ಅವರೇ ಒಂದೊಂದನ್ನೂ ಕೈಯಿಂದ ನೀವಿ ನೇರ ಮಾಡಿ ಹಿಡಿದರು.

ಅಷ್ಟರಲ್ಲಿ ಅವರ ಹೆಂಡತಿ ಶಮೀಮ್ ಚಾ ಕುಡಿಯಲು ನನ್ನನ್ನು ಹಿಂದಿನ ಮನೆಯೊಳಗೆ ಕರೆದರು. ನಲವತ್ತೆಂಟರ ಹೆಂಗಸು, ಬೆರಳುಗಳು ಬಿಸಿನೀರಿಗೆ ಬೆಂದು ಬಿಳುಚಿಕೊಂಡಿದ್ದವು. ಬೇಸಿನ್ನಿನ ಮುಂದೆ ಇಪ್ಪತ್ತಾರು ವರ್ಷ ಕುಳಿತವರು. ಲೋಟ ಕೊಡುವಷ್ಟರಲ್ಲಿ ಕೆಮ್ಮು ಬಂತು. ಗೋಡೆ ಹಿಡಿದು ನಿಂತರು. ಸಾಮಾನ್ಯ ಕೆಮ್ಮಲ್ಲ ಅದು. ಮುಗಿಯಿತು ಎಂದುಕೊಂಡಾಗ ಮತ್ತೆ ಎದ್ದು ಬರುತ್ತಿತ್ತು.

"ಅಕ್ಕಾ, ಒಂದ್ ಮಾತು ಹೇಳ್ತೀನಿ, ಇವ್ರಿಗೆ ಹೇಳ್ಬೇಡಿ," ಎಂದರು ಉಸಿರು ಸುಧಾರಿಸಿಕೊಂಡು. "ಸೌದೆ ಹೊಗೆ ನಂಗೆ ಅಭ್ಯಾಸ ಐತೆ. ಈ ಚಿಂದಿ ಬಂದ್ಮೇಲೆ ಎದೆ ಮೇಲೆ ಕಲ್ಲಿಟ್ಟಂಗೆ. ರಾತ್ರಿ ಕುಂತ್ಕಂಡೇ ಮಲಗೋದು. ಡಾಕ್ಟ್ರು ಹೊಗೆ ಬುಡಿ ಅಂತಾರೆ. ಬುಟ್ರೆ ಊಟ ಎಲ್ಲಿಂದ? ನೀವು ಬರ್ದು ಕೊಡಿ, ಕಂಪನಿಯೋರು ಈ ಚೀಲ ಕಳ್ಸೋದು ನಿಲ್ಸಲಿ. ಆದ್ರೆ ಕಾರ್ಖಾನೆಗೆ ಏನೂ ಆಗ್ಬಾರ್ದು. ನಮ್ ಹೆಸ್ರು ಬರ್ಬಾರ್ದು."

"ಬರಲ್ಲ ಶಮೀಮಮ್ಮ. ನಾನು ಬರಿಯೋದ್ರಲ್ಲಿ ಹೆಸರು ಇರಲ್ಲ, ನಂಬರ್ ಮಾತ್ರ," ಎಂದೆ. "ಬರುದ್ರೆ ಒಳ್ಳೇದೇ ಆಗುತ್ತೆ. ಕಂಪನಿಯೋರು ಹೊಸ ಒಲೆನೇ ಹಾಕ್ಸಿಕೊಡಬಹುದು."

ಹೊಸ ಒಲೆಯ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಆ ಹೆಂಗಸಿನ ಮುಖ ನೋಡಿ ನಾನೇ ಸೇರಿಸಿದೆ.

ಅಂದು ಮಧ್ಯಾಹ್ನವೇ ಕನಕಪುರ ರಸ್ತೆಯ ಹೊಲಿಗೆ ಘಟಕಕ್ಕೆ ಹೋದೆ. ಚಿಂದಿಯನ್ನು ಚೀಲಕ್ಕೆ ತುಂಬುತ್ತಿದ್ದರು. ಅದೇ ಚೀಲ, ಅದೇ ದಾರ. ಎಲ್ಲಿಗೆ ಹೋಗುತ್ತೆ ಎಂದು ಕೇಳಿದರೆ ಮೇಲ್ವಿಚಾರಕ, "ರೀಸೈಕ್ಲಿಂಗ್ ಮೇಡಂ," ಎಂದು ಗಿಳಿಪಾಠ ಒಪ್ಪಿಸಿದ. ಕಂಟ್ರಾಕ್ಟರನ ಫೋನ್ ಸ್ವಿಚ್ ಆಫ್ ಆಗಿತ್ತು.

ವರದಿ ಬರೆಯಲು ಕುಳಿತಾಗ ಬಂದ ಪ್ರಶ್ನೆ ಇದು. ಆ ಹೊಗೆಯನ್ನು ಯಾರ ಹೆಸರಿಗೆ ಹಾಕಬೇಕು? ಚಿಂದಿ ಕಂಪನಿಯ ಕಸ. ಉರಿಸಿದ್ದು ಪಾಷ. ಎರಡೂ ಕಡೆ ಬರೆದರೆ ಒಂದೇ ಹೊಗೆಯನ್ನು ಎರಡು ಸಲ ಎಣಿಸಿದಂತೆ, ಅದು ತಪ್ಪು. ಜಗತ್ತಿನಲ್ಲೆಲ್ಲ ಈ ಲೆಕ್ಕಕ್ಕೆ ಬಳಸುವ ಕೈಪಿಡಿಯೊಂದಿದೆ. ಕಸವನ್ನು ಉರಿಸಿ ಅದರ ಶಾಖವನ್ನು ಯಾರಾದರೂ ಉಪಯೋಗಿಸಿಕೊಂಡರೆ ಆ ಹೊಗೆ ಶಾಖ ಬಳಸಿದವನದು, ಕಸ ಮಾಡಿದವನದಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿದೆ. ನಾನು ನಿಯಮ ತಿಳಿದವಳು. ಅದರಂತೆಯೇ ಹಾಕಿದೆ. ತಿಂಗಳಿಗೆ ನಲವತ್ತು ಚೀಲ, ಚೀಲಕ್ಕೆ ಇಪ್ಪತ್ತೆರಡು ಕಿಲೋ. ವರ್ಷಕ್ಕೆ ಸುಮಾರು ಹದಿನಾರು ಟನ್ ಇಂಗಾಲದ ಡೈಆಕ್ಸೈಡ್. ಕಂಪನಿಯ ಒಟ್ಟು ಲೆಕ್ಕದ ಮುಂದೆ ಅದು ಎಳ್ಳಿನಷ್ಟೂ ಅಲ್ಲ. ಅದನ್ನು 'ಪೂರೈಕೆದಾರರ ಇಂಧನ' ಎಂಬ ಸಾಲಿನಲ್ಲಿ ಬರೆದೆ.

ಎರಡನೆಯ ಆಕ್ಷೇಪವನ್ನು ಇನ್ನೂ ಗಟ್ಟಿಯಾಗಿ ಬರೆದೆ. ಮರುಬಳಕೆ ಎಂದು ತೋರಿಸಿರುವುದು ಸುಳ್ಳು. ನಮ್ಮ ಭಾಷೆಯಲ್ಲಿ ಇದಕ್ಕೆ ನಾನ್‌ಕನ್ಫರ್ಮಿಟಿ ಎನ್ನುತ್ತೇವೆ, ಅಂದರೆ ಹೇಳಿದ್ದಕ್ಕೂ ಇರುವುದಕ್ಕೂ ತಾಳೆಯಾಗದ ಸಂಗತಿ. ಸಾಕ್ಷ್ಯವಿಲ್ಲದೆ ಆಕ್ಷೇಪ ಬರೆದರೆ ಕ್ಲೈಂಟ್ ಒಂದೇ ಮಾತಿನಲ್ಲಿ ತೆಗೆದುಹಾಕಿಸುತ್ತಾನೆ. ಹಾಗಾಗಿ ಅನುಬಂಧ ಮೂರರಲ್ಲಿ ಆ ಹದಿನೇಳು ರಸೀದಿಗಳ ಫೋಟೋ ಸೇರಿಸಿದೆ. ವರದಿಯ ಒಳಗೆ ಪಾಷ ಅವರ ಹೆಸರಿರಲಿಲ್ಲ, 'ಪೂರೈಕೆದಾರ 14' ಎಂದಷ್ಟೇ ಇತ್ತು. ಅನುಬಂಧದಲ್ಲಿ ಮಾತ್ರ ರಬ್ಬರ್ ಸ್ಟಾಂಪು, ವಿಳಾಸ, ಸಹಿ ಎಲ್ಲವೂ ಹಗಲಿನಷ್ಟು ಸ್ಪಷ್ಟವಾಗಿತ್ತು. ಸ್ಟಾಂಪಿನ ಮೇಲೆ ಕಪ್ಪು ಪಟ್ಟಿ ಎಳೆಯಲು ಎರಡು ನಿಮಿಷವೂ ಬೇಕಿರಲಿಲ್ಲ. ನನಗೆ ಹೊಳೆಯಲೇ ಇಲ್ಲ. ಸುಳ್ಳೇಕೆ, ಇಷ್ಟು ಗಟ್ಟಿ ಪುರಾವೆ ಸಿಕ್ಕಿದೆ ಎಂಬ ಖುಷಿಯಲ್ಲಿದ್ದೆ ನಾನು.

ಮಾರ್ಚ್ ಎರಡನೆಯ ವಾರ ಸಭೆ ನಡೆಯಿತು. ಕಂಪನಿಯವರು ಕಿರುಚಾಡುತ್ತಾರೆ, ಜಗಳವಾಡುತ್ತಾರೆ ಎಂದುಕೊಂಡು ನಾನು ಸೊಂಟ ಕಟ್ಟಿ ಹೋಗಿದ್ದೆ. ಅನುರಾಧಾ ಅನುಬಂಧ ಮೂರನ್ನು ಎರಡು ಸಲ ತಿರುವಿದರು.

"ತುಂಬಾ ಥ್ಯಾಂಕ್ಸ್ ಮೇಡಂ. ತಕ್ಷಣ ಕ್ರಮ ತಗೋತೀವಿ," ಎಂದರು.

ಹೊರಗೆ ಬಂದು ನಮ್ಮ ಸಂಸ್ಥೆಯ ಮುಖ್ಯಸ್ಥ ರಂಗನಾಥರಿಗೆ ಫೋನ್ ಮಾಡಿ, "ನೋಡಿ ಸಾರ್, ನೆಟ್ಟಗೆ ಬರೆದರೆ ಒಪ್ಪಿಕೊಳ್ತಾರೆ," ಎಂದು ಜಂಬ ಕೊಚ್ಚಿಕೊಂಡೆ.

ಏಪ್ರಿಲ್ ಮೊದಲ ವಾರ ಪಾಷ ಅವರ ಫೋನ್ ಬಂತು. ದನಿಯಲ್ಲಿ ಗಾಬರಿಯಿತ್ತು.

"ಮೇಡಂ, ಕಂಪನಿಯಿಂದ ಒಂದು ಕಾಗ್ದ ಬಂದೈತೆ. ಪೂರಾ ಇಂಗ್ಲಿಷು. ವಾಟ್ಸಾಪಲ್ಲಿ ಹಾಕಿವ್ನಿ, ಒಸಿ ಓದಿ ಹೇಳ್ತೀರಾ? ಇಂಗ್ಲಿಷು ಓದೋರು ಬೇರೆ ಯಾರೂ ಗೊತ್ತಿಲ್ಲ ನಂಗೆ."

ಫೋಟೋ ತೆರೆದೆ. ವಕೀಲರ ನೋಟಿಸು. ತಾವು ಬಟ್ಟೆ ತ್ಯಾಜ್ಯವನ್ನು ಮರುಬಳಕೆ ಮಾಡುವುದಾಗಿ ಸುಳ್ಳು ಪ್ರಮಾಣ ನೀಡಿ, ಅಕ್ರಮವಾಗಿ ಸುಟ್ಟು ಕಂಪನಿಯನ್ನು ವಂಚಿಸಿದ್ದೀರಿ, ಇನ್ನು ಮುಂದೆ ತಮ್ಮ ನೂಲನ್ನು ನಮ್ಮ ಯಾವ ಏಜೆಂಟರೂ ಕೊಳ್ಳುವುದಿಲ್ಲ, ಸಂಬಂಧಪಟ್ಟ ಅಧಿಕಾರಿಗಳಿಗೆ ದೂರು ಕೊಡಲಾಗಿದೆ. ಮೂರನೆಯ ಪ್ಯಾರಾದಲ್ಲಿ ನಾನು ಬರೆದ ಎರಡು ವಾಕ್ಯಗಳು ಅಕ್ಷರ ಬಿಡದೆ ಇದ್ದವು. 'ಅನುಬಂಧ ಮೂರು ನೋಡಿ' ಎಂಬುದೂ ಇತ್ತು. ಕಂಟ್ರಾಕ್ಟರನ ಹೆಸರು ಎಲ್ಲೂ ಇರಲಿಲ್ಲ. ಕಂಪನಿಯ ಪಾತ್ರವೇನು ಎಂಬುದಂತೂ ಮೊದಲೇ ಇರಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎಂದು ನಮ್ಮವ್ವ ಹೇಳುತ್ತಿದ್ದಳು. ಇಲ್ಲಿ ಬರೆ ಎಳೆಯುವ ಕಬ್ಬಿಣವನ್ನು ಕಾಯಿಸಿ ಕೈಗೆ ಕೊಟ್ಟವಳು ನಾನು.

ನಾಳೆ ನಾನೇ ಬಂದು ಓದಿ ಹೇಳುತ್ತೇನೆ ಎಂದು ಫೋನಿಟ್ಟೆ. ಮರುದಿನ ಬೆಳಿಗ್ಗೆ ರಾಮನಗರಕ್ಕೆ ಹೋದೆ. ಒಲೆ ಉರಿಯುತ್ತಿತ್ತು, ಒಳಗೆ ಗೂಡು ಬೇಯುತ್ತಿತ್ತು. ಪಾಷ ಅವರನ್ನು ಹೊರಗಿನ ಕಲ್ಲಿನ ಮೇಲೆ ಕೂರಿಸಿ ನೋಟಿಸನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. ವಂಚನೆ ಎಂಬ ಮಾತು ಬಂದಾಗ ಅವರು ತಡೆದರು.

"ವಂಚನೆನಾ? ನಾನು ಯಾರ್ಗೆ ಏನ್ ಸುಳ್ಳು ಹೇಳಿವ್ನಿ ಮೇಡಂ? ನೀವೇ ನೋಡಿದ್ರಲ್ಲ. ನೀವೇ ಹೇಳಿ ಅವ್ರಿಗೆ."

"ಪಾಷಣ್ಣ, ಇದು ನಾನೇ ಬರೆದಿದ್ದು," ಎಂದೆ. "ಈ ಎರಡು ಸಾಲು ನನ್ನವೇ. ಫೋಟೋನೂ ನಾನೇ ಹಾಕಿದ್ದು. ಅವ್ರು ನಿಮ್ಮ ಮೇಲೆ ತಿರುಗಿಸ್ತಾರೆ ಅಂತ ನನಗೆ ಗೊತ್ತಾಗಲಿಲ್ಲ."

ಅವರು ಸಿಟ್ಟು ಮಾಡಲಿಲ್ಲ. ಬೈದಿದ್ದರೆ ವಾಸಿಯಿತ್ತು. "ನಮ್ಮೂರ್ ಕಡೆಯೋರು ಅಂತ ತೋರ್ಸಿದ್ದು ನಾನು," ಎಂದಷ್ಟೇ ಹೇಳಿ ಎದ್ದು ಒಲೆಗೆ ಸೌದೆ ಹಾಕಲು ಹೋದರು. ಶಮೀಮ್ ಬೇಸಿನ್ನಿನ ಮುಂದೆ ಕುಳಿತಿದ್ದವರು ನನ್ನ ಕಡೆ ನೋಡಲಿಲ್ಲ.

ನಾನು ಸುಮ್ಮನಿರಲಿಲ್ಲ. ಅಂದೇ ಕಂಪನಿಗೆ ಎರಡು ಪುಟದ ಪತ್ರ ಬರೆದೆ. ತಪ್ಪು ಕಂಟ್ರಾಕ್ಟರನದು, ಅವನನ್ನು ಪರೀಕ್ಷಿಸದ ಕಂಪನಿಯದು, ಪಾಷ ಅವರಿಗೆ ಇಂಗ್ಲಿಷ್ ರಸೀದಿಯ ಅರ್ಥವೇ ತಿಳಿದಿರಲಿಲ್ಲ, ನೋಟಿಸು ಹಿಂತೆಗೆದುಕೊಳ್ಳಿ, ಆ ಘಟಕಕ್ಕೆ ಒಳ್ಳೆಯ ಒಲೆ ಹಾಕಿಸಿಕೊಡಿ ಎಂದು. ಅನುರಾಧಾ ಅವರಿಂದ ನಾಲ್ಕು ದಿನಕ್ಕೆ ಉತ್ತರ ಬಂತು. ಪರಿಶೀಲನೆ ನಿಮ್ಮ ವ್ಯಾಪ್ತಿ, ಕ್ರಮ ನಮ್ಮ ವ್ಯಾಪ್ತಿ, ನಿಮ್ಮ ಕಾಳಜಿಗೆ ಧನ್ಯವಾದ. ರಂಗನಾಥರು ನನ್ನನ್ನು ಕೋಣೆಗೆ ಕರೆದರು. ಕೆಟ್ಟ ಮನುಷ್ಯರಲ್ಲ ಅವರು.

"ನೀವು ರೂಲ್ ಪ್ರಕಾರ ಸರಿಯಾಗೇ ಬರೆದಿದ್ದೀರಿ ಸುಶೀಲಾ. ಯಾವ ಸಾಲಿನಲ್ಲೂ ತಪ್ಪಿಲ್ಲ. ಯಾಕೆ ತಲೆ ಕೆಡಿಸಿಕೊಳ್ತೀರಿ?"

"ತಪ್ಪಿಲ್ಲ ಅಂತಲೇ ಸಾರ್ ಹೊಟ್ಟೆ ಉರಿಯೋದು," ಎಂದೆ. ಅವರಿಗೆ ಅರ್ಥವಾಯಿತೋ ಇಲ್ಲವೋ.

ಮೇ ತಿಂಗಳಲ್ಲಿ ಅಧಿಕಾರಿಗಳು ಬಂದು, ಜನವಸತಿಯ ಬೀದಿಯಲ್ಲಿ ಇಂಥ ಒಲೆಗೆ ಅನುಮತಿಯಿಲ್ಲವೆಂದು ಪಾಷ ಅವರ ಘಟಕಕ್ಕೆ ಬೀಗ ಹಾಕಿದರು. ಅವರ ಮುಂದೆ ದೂರಿತ್ತು, ಕಣ್ಣೆದುರು ಹೊಗೆಯಿತ್ತು. ಅವರನ್ನು ದೂರುವಂತಿಲ್ಲ. ಒಂಬತ್ತು ಜನ ಹೆಂಗಸರು ಬೇರೆ ಬೇರೆ ಕಡೆ ಕೆಲಸ ಹುಡುಕಿಕೊಂಡರು.

ಮುಂದಿನ ವರ್ಷ ಅದೇ ಕಂಪನಿಯ ಫೈಲು ಮತ್ತೆ ನಮ್ಮ ಮೇಜಿಗೆ ಬಂತು. ನನ್ನ ಆಕ್ಷೇಪದ ಎದುರು ಹೀಗೆ ಬರೆದಿದ್ದರು. 'ಕೈಗೊಂಡ ಕ್ರಮ: ಪೂರೈಕೆದಾರನನ್ನು ಪಟ್ಟಿಯಿಂದ ತೆಗೆಯಲಾಗಿದೆ. ಸ್ಥಿತಿ: ಮುಕ್ತಾಯ.' ಪಾಷ ಅವರ ನೂಲಿನ ಜಾಗದಲ್ಲಿ ಯಾವುದೋ ದೊಡ್ಡ ವ್ಯಾಪಾರಿಯ ನೂಲು ಬಂದಿತ್ತು. ಅವನು ಎಲ್ಲೆಲ್ಲಿಂದಲೋ ಕೂಡಿಹಾಕಿ ಮಾರುವವನು, ಒಲೆಗಳನ್ನು ಯಾರೂ ನೋಡಿಲ್ಲ. ನೋಡದ ಒಲೆಗೆ ಪುಸ್ತಕದಲ್ಲಿರುವ ಸರಾಸರಿ ಅಂಕಿ ಹಾಕಬಹುದು. ಹಾಕಿದ್ದರು. ಲೆಕ್ಕ ಕಡಿಮೆ ಬಂದಿತ್ತು. ಚಿಂದಿಗೆ ಹೊಸ ಹೆಸರಿನ ಕಂಟ್ರಾಕ್ಟರ್, ಹೊಸ ರಸೀದಿ, ನೂರಕ್ಕೆ ನೂರು. ರಸೀದಿಯ ಕೆಳಗಿನ ಫೋನ್ ನಂಬರ್ ಮಾತ್ರ ಹಳೆಯದೇ. ಆ ಫೈಲಿಗೆ ನಾನು ಸಹಿ ಹಾಕುವುದಿಲ್ಲ ಎಂದೆ, ನಂಬರ್ ಹಳೆಯದು ಎಂಬುದನ್ನೂ ಬರೆದುಕೊಟ್ಟೆ. ಬೇರೆಯವರು ಸಹಿ ಹಾಕಿದರು.

ಆ ವಾರವೇ ರಾಮನಗರಕ್ಕೆ ಹೋದೆ. ಯಾರೂ ಕಳಿಸಿರಲಿಲ್ಲ. ಪಾಷ ಅವರ ಮನೆಯ ಮುಂದೆ ನಿಂತಾಗ ಎದುರುಮನೆಯವರು, ಅವರು ಗೂಡಿನ ಮಾರುಕಟ್ಟೆಯಲ್ಲಿ ಬೇರೆಯವರ ಲಾಟು ಹೊರುತ್ತಾರೆ, ಸಂಜೆಗೆ ಬರುತ್ತಾರೆ ಎಂದರು. ಶಮೀಮ್ ಮೂರನೆಯ ಬೀದಿಯ ಇನ್ನೊಂದು ಘಟಕದಲ್ಲಿ ಕೂಲಿಗೆ ಇದ್ದರು. ಹುಡುಕಿಕೊಂಡು ಹೋದೆ. ಬಾಗಿಲಲ್ಲೇ ಅದೇ ಕರೀ ಹೊಗೆಯ ವಾಸನೆ ಬಂತು. ಒಲೆಯ ಪಕ್ಕದಲ್ಲಿ ಅದೇ ಚೀಲಗಳು, ಅದೇ ದಾರದ ಹೊಲಿಗೆ.

ಶಮೀಮ್ ಅರ್ಧದಷ್ಟು ಇಳಿದುಹೋಗಿದ್ದರು. ಕೈ ಒರೆಸಿಕೊಂಡು ಹೊರಗೆ ಬಂದರು. ನಾಲ್ಕು ಹೆಜ್ಜೆ ನಡೆಯಲು ಎರಡು ಸಲ ನಿಂತರು. ನಾನು ಅಲ್ಲೇ ಕೈ ಮುಗಿದು, "ನನ್ನಿಂದ ತಪ್ಪಾಯ್ತು ಶಮೀಮಮ್ಮ," ಎಂದೆ. ಕಣ್ಣಲ್ಲಿ ನೀರು ಬಂತು, ತಡೆಯಲಿಲ್ಲ.

"ಅಳ್ಬೇಡಿ ಅಕ್ಕಾ," ಎಂದರು. "ಹೊಗೆ ಅಲ್ಲೂ ಇತ್ತು, ಇಲ್ಲೂ ಐತೆ. ಅಲ್ಲಾದ್ರೆ ನಮ್ ಒಲೆ. ನಂಗೆ ಆಗ್ತಿಲ್ಲ ಅಂದ್ರೆ ಇವ್ರು ಒಂದಿನ ಚಿಂದಿ ನಿಲ್ಸೋರು, ಸೌದೆ ಹಾಕೋರು. ಇಲ್ಲಿ ಯಾರ್ಗ್ ಹೇಳಾನ?"

ಕೆಮ್ಮು ಬಂತು, ಗೋಡೆ ಹಿಡಿದರು. ಕಾದೆ. ಉಸಿರು ಬಂದ ಮೇಲೆ, ದೂರುವ ದನಿಯಲ್ಲಲ್ಲ, ತಿಳಿದುಕೊಳ್ಳುವ ದನಿಯಲ್ಲಿ ಕೇಳಿದರು.

"ಅಕ್ಕಾ, ನೀವ್ ಬರುದ್ರಲ್ಲ, ಅದ್ರಾಗೆ ನನ್ ಕೆಮ್ಮು ಇತ್ತಾ?"

ನಲವತ್ತೆರಡು ಪುಟದ ವರದಿ. ಹೊಗೆಯ ಬಣ್ಣವಿತ್ತು, ಬೂದಿಯ ವಿವರವಿತ್ತು, ಚೀಲದ ತೂಕವಿತ್ತು. ಕೆಮ್ಮಿಗೆ ಕಾಲಮ್ ಇರಲಿಲ್ಲ, ನಾನು ಮಾಡಿಕೊಳ್ಳಲೂ ಇಲ್ಲ.

"ಇರ್ಲಿಲ್ಲ," ಎಂದೆ.

ಅವರು ತಲೆಯಾಡಿಸಿ ಒಳಗೆ ಹೋದರು. ನೀರು ತಣ್ಣಗಾಗುತ್ತದೆ ಎಂದು ಒಳಗಿನಿಂದ ಯಾರೋ ಕೂಗುತ್ತಿದ್ದರು.

ಅದಾದ ಮೇಲೆ ನಾನು ಬರೆಯುವ ಪ್ರತಿ ವರದಿಯ ಮೊದಲ ಪುಟದಲ್ಲಿ, ಯಾವ ಅಂಕಿಗೂ ಮುಂಚೆ, ಆ ಒಲೆಯ ಮುಂದೆ ಕೂರುವವರು ಯಾರು, ಎಷ್ಟು ಜನ, ಅವರ ಆರೋಗ್ಯ ಹೇಗಿದೆ ಎಂದು ಬರೆಯುತ್ತೇನೆ. ನನ್ನ ಈ ಸಾಲು ಓದಿ ಯಾರಿಗೆ ಪೆಟ್ಟು ಬೀಳುತ್ತದೆ ಎಂದು ಕೇಳಿಕೊಳ್ಳದೆ ಒಂದು ಫೋಟೋವನ್ನೂ ಸೇರಿಸುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಮತ್ತು ಅದಕ್ಕೆ ಶುಲ್ಕ ತೆತ್ತವರು ಬೇರೆ. ಮೊದಲ ಪುಟ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಕ್ಲೈಂಟುಗಳು ಪ್ರತಿ ಸಲವೂ ಹೊಡೆದುಹಾಕಿ ಕಳಿಸುತ್ತಾರೆ. ನಾನು ಮತ್ತೆ ಬರೆದು ಕಳಿಸುತ್ತೇನೆ. ಇದುವರೆಗೆ ಒಂದು ವರದಿಯಲ್ಲೂ ಅದು ಅಚ್ಚಾಗಿಲ್ಲ.